ಬ್ಯಾಟರಿಯ ಸೋಮವಾರ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಬಾಯಿ ಅಗಲವಾದ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಇದೆ. ಅದರ ಮೇಲೆ ಕೆಂಪು ಬಣ್ಣದಲ್ಲಿ, ನನ್ನದೇ ಕೈಬರಹದಲ್ಲಿ, 'ಬ್ಯಾಟರಿ ನೀರು. ಯಾರೂ ಕುಡಿಯಬಾರದು' ಎಂದು ಬರೆದಿದೆ. ಒಳಗೆ ಉಪ್ಪಿದೆ. ಸಾರಿಗೆ, ಪಲ್ಯಕ್ಕೆ, ಉಪ್ಪಿನಕಾಯಿಗೆ, ಎಲ್ಲದಕ್ಕೂ ನಮ್ಮ ಮನೆಯಲ್ಲಿ ಉಪ್ಪು ಹೋಗುವುದು ಈ ಡಬ್ಬಿಯಿಂದಲೇ.

ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದಳು.

"ಮಾವಾರ, ಇದನ್ನ ತಿಂದ್ರ ಏನೂ ಆಗೂದಿಲ್ಲಲ್ರಿ?"

"ಇಷ್ಟ ವರ್ಷ ತಿಂದೀವಿ. ಎಲ್ಲಾರೂ ಅದೀವಿ," ಎಂದೆ.

ಅವಳಿಗೆ ಅದು ಸಮಾಧಾನದ ಮಾತಾಗಿ ಕೇಳಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ನನ್ನ ಇನ್ನೊಂದು ಪದ್ಧತಿ. ಡಬ್ಬಿ ಅರ್ಧಕ್ಕೆ ಇಳಿಯುತ್ತಲೇ ನಾನು ಅಂಗಡಿಯಿಂದ ಹರಳುಪ್ಪು ತಂದು ತುಂಬಿಸುತ್ತೇನೆ. "ಇನ್ನೂ ಅರ್ಧ ಐತಲ್ರಿ ಮಾವಾರ, ಪೂರಾ ಮುಗೀಲಿ, ತಿಕ್ಕಿ ತೊಳದು ಹೊಸಾದು ಹಾಕೂಣು" ಎಂದು ಅವಳು ಹೇಳುತ್ತಾಳೆ. ಮನೆವಾರ್ತೆ ಬಲ್ಲವರು ಯಾರೇ ಆದರೂ ಹಾಗೆಯೇ ಹೇಳುತ್ತಾರೆ. ನಾನು "ಮುಗಿಸಬಾರದು" ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ಉತ್ತರ ಉದ್ದವಾಗುತ್ತದೆ. ಅಷ್ಟರಲ್ಲಿ ಒಲೆಯ ಮೇಲೆ ಸಾರು ಉಕ್ಕುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬನ್ನಿ.

ನಾನು ಹುಟ್ಟಿನಿಂದ ಶಿಸ್ತಿನ ಮನುಷ್ಯನಲ್ಲ. ನನ್ನನ್ನು ಹಾಗೆ ಮಾಡಿದ್ದು ಮುರಗೋಡದ ಬೋರ್ಡಿಂಗು. ನಸುಕಿನಲ್ಲಿ ಗಂಟೆ, ಗಂಟೆಗೆ ಸ್ನಾನ, ಸ್ನಾನದ ಮೇಲೆ ಪೂಜೆ, ಪೂಜೆಯ ಮೇಲೆ ಪಾಠ, ಪಾಠದ ಮೇಲೆ ರೊಟ್ಟಿ. ಈ ಸಾಲಿನಲ್ಲಿ ಯಾವುದೊಂದನ್ನು ತಪ್ಪಿಸಿದರೂ ಮುಂದಿನದು ಸಿಗುತ್ತಿರಲಿಲ್ಲ. ರೊಟ್ಟಿ ಕೊನೆಯಲ್ಲಿದ್ದುದರಿಂದ ನಾವು ಏನನ್ನೂ ತಪ್ಪಿಸುತ್ತಿರಲಿಲ್ಲ. ಮುಂದೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತಿಯವರೆಗೂ ಕೂತೆ. ಸವದತ್ತಿಯ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ಕಿತ್ತೂರಿನದು ಎಷ್ಟು ಹೊತ್ತಿಗೆ ಬಿಡಬೇಕು ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಬಸ್ಸುಗಳು ನನ್ನ ಮಾತನ್ನು ಕೇಳುತ್ತಿದ್ದವೆಂದು ಹೇಳಲಾರೆ. ನಾನಂತೂ ಹೇಳುವುದನ್ನು ತಪ್ಪಿಸಲಿಲ್ಲ.

ಬೋರ್ಡಿಂಗಿನಲ್ಲಿ ನನಗೆ ಬಂದಿದ್ದ ಪಾಳಿ ಕಂದೀಲುಗಳದ್ದು. ಸಂಜೆಯಾಗುವ ಮೊದಲು ಗಾಜು ಒರೆಸಬೇಕು, ಬತ್ತಿಯ ಕರಿ ಕತ್ತರಿಸಬೇಕು, ಎಣ್ಣೆ ಹಾಕಬೇಕು. ಅಲ್ಲಿಯ ಹಿರಿಯರೊಬ್ಬರು ನನಗೆ ಕಲಿಸಿದ್ದು ಇಷ್ಟೇ: "ಎಣ್ಣಿ ಪೂರಾ ಮುಗಿಯೂತನಕ ಕಂದೀಲ ಉರಸಬ್ಯಾಡ. ಎಣ್ಣಿ ಮುಗದಮ್ಯಾಲ ಬತ್ತೀನ ಸುಟ್ಟು ಹೋಗತೈತಿ. ಎಣ್ಣಿ ನಾಳೆ ಬರತೈತಿ, ಬತ್ತಿ ಬರೂದಿಲ್ಲ." ನಾನು ಇದನ್ನು ಸೀಮೆಎಣ್ಣೆಗೆ ಸಂಬಂಧಪಟ್ಟ ವಿಷಯವೆಂದು ತಿಳಿದು, ಕರೆಂಟು ಬಂದ ದಿನ ಮರೆತುಬಿಟ್ಟೆ.

ನಮ್ಮ ಹಳ್ಳಿ ಮುರಗೋಡದ ಮಗ್ಗುಲಲ್ಲೇ. ಅಪ್ಪನ ಹತ್ತಿರ ಒಂದು ಟಾರ್ಚು ಇತ್ತು. ಅದರ ಸೆಲ್ಲುಗಳು ಸೋತಾಗ ಹೊಸದನ್ನು ತರುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದೆವು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಸೆಲ್ಲು. ಇವುಗಳನ್ನು ಕಾಯುವುದು ನನ್ನ ಅಕ್ಕ ಗಂಗಕ್ಕನ ಕೆಲಸ. ಕಾಗೆ ಸೆಲ್ಲನ್ನು ಒಯ್ದ ಉದಾಹರಣೆ ಇರಲಿಲ್ಲವಾದರೂ ಅವಳು ಅವನ್ನೂ ಸಂಡಿಗೆಯಷ್ಟೇ ನಿಷ್ಠೆಯಿಂದ ಕಾಯುತ್ತಿದ್ದಳು. ಬಿಸಿಲುಂಡ ಸೆಲ್ಲು ಒಂದು ಗಳಿಗೆ ಚೆನ್ನಾಗಿಯೇ ಉರಿಯುತ್ತಿತ್ತು. ಆ ಒಂದು ಗಳಿಗೆಯಿಂದಾಗಿ ನಮ್ಮ ಮನೆತನದಲ್ಲಿ, ದಣಿದದ್ದನ್ನು ಸುಮ್ಮನೆ ಬಿಟ್ಟರೆ ತಾನೇ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆ ಬೇರೂರಿತು.

ಹಾಗೆ ಮಾಳಿಗೆಯ ಮೇಲೆ ಕೂತಿದ್ದಾಗಲೇ ಅಕ್ಕ ಉಪ್ಪಿನವನನ್ನು ಮೊದಲು ಕಾಣುತ್ತಿದ್ದಳು. ಅವನು ಚಕ್ಕಡಿಯಲ್ಲಿ ಹರಳುಪ್ಪು ತುಂಬಿಕೊಂಡು ಬಂದು, ಜೋಳ ಅಳೆಸಿಕೊಂಡು ಉಪ್ಪು ಅಳೆದುಕೊಡುತ್ತಿದ್ದ. ಒಂದು ಸಲ ಅಕ್ಕ ಅವನನ್ನು ಕೇಳಿದಳು.

"ಕಾಕಾ, ಉಪ್ಪು ಯಾವ ಗಿಡದಾಗ ಆಗತೈತಿ?"

"ಗಿಡದಾಗ ಅಲ್ಲವಾ ತಂಗಿ. ಗೋಕರ್ಣದ ಕಡೆ ನೀರ ಒಕ್ಕಲುತನ ಮಾಡತಾರ. ಹೊಲಾ ಮಾಡಿ, ಒಡ್ಡು ಹಾಕಿ, ಸಮುದ್ರದ ನೀರ ಬಿಟ್ಟು, ಉಪ್ಪು ಬೆಳೀತಾರ. ರಾಶಿ ಮಾಡತಾರ, ನಿಮ್ಮಪ್ಪ ಜ್ವಾಳದ ರಾಶಿ ಮಾಡಿಧಂಗ."

ಅಪ್ಪ ನಕ್ಕರು. "ಮಾರಾವ್ರು ಹಿಂಗ ಏನರ ಹೇಳತಾರ. ನೀ ಹೋಗಿ ಸಂಡಿಗಿ ನೋಡು," ಎಂದರು.

ಅಕ್ಕ ಹೋಗಿ ಸಂಡಿಗೆ ನೋಡಿದಳು. ಆದರೆ ಮಾತು ಅವಳ ತಲೆಯಲ್ಲಿ ಉಳಿಯಿತು. ನೀರು ಬಿತ್ತಿ ಉಪ್ಪು ಬೆಳೆಯುವುದು ಖರೆಯೋ ಸುಳ್ಳೋ ಎಂಬುದು ಒಕ್ಕಲಿಗರ ಮನೆಯ ಹುಡುಗಿಗೆ ಸಣ್ಣ ಪ್ರಶ್ನೆಯಲ್ಲ. ಮದುವೆಯಾಗಿ ರಾಮದುರ್ಗದ ಆಚೆ ಸುರೇಬಾನಕ್ಕೆ ಹೋದಳು. ಎತ್ತು, ಎಮ್ಮೆ, ಹೊಲ, ಮಕ್ಕಳು, ಮೊಮ್ಮಕ್ಕಳು ಎಲ್ಲ ಆದವು. ನಾನು ಹೋದಾಗಲೆಲ್ಲ ಊಟಕ್ಕೆ ಬಡಿಸುತ್ತ, ಎಲೆಯ ತುದಿಗೆ ಉಪ್ಪು ಹಾಕುವಾಗ ಕೇಳುತ್ತಿದ್ದಳು: "ತಮ್ಮಾ, ಗೋಕರ್ಣಕ್ಕ ನಿಮ್ಮ ಬಸ್ಸು ಹೋಗತೈತೇನು?"

ಬಸ್ಸು ಹೋಗುತ್ತಿತ್ತು. ಹೋಗಲಾಗದಿದ್ದವಳು ಅಕ್ಕ. ಲಿಂಗಪೂಜೆಯಾಗದೆ ಅವಳು ನೀರು ಮುಟ್ಟುವುದಿಲ್ಲ. ಪೂಜೆಯಾದ ಮೇಲೂ ತನ್ನ ಒಲೆಯ ಮೇಲೆ ಬೆಂದದ್ದಲ್ಲದೆ ಬೇರೆ ತಿನ್ನುವುದಿಲ್ಲ. ಹೋಟೆಲಿನ ಚಹಾ ಕೂಡ ಇಲ್ಲ. ಬೆಳಗ್ಗೆ ಹೋಗಿ ಸಂಜೆಗೆ ಮರಳಲಾಗದ ಯಾವ ಊರನ್ನೂ ಅವಳು ಕಂಡಿರಲಿಲ್ಲ. ಕಂಟ್ರೋಲರ್ ಆದ ನಾನು ಅವಳಿಗೆ ಕಿಟಕಿಯ ಪಕ್ಕದ ಸೀಟು ಕೊಡಿಸಬಲ್ಲೆ. ಬಸ್ಸಿನಲ್ಲಿ ಒಲೆ ಹೂಡಿಸಲಾರೆ.

ಆ ಕೆಲಸ ಮಾಡಿದವರು ಭಾವ, ಬಸಲಿಂಗಪ್ಪನವರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಲದ ಕೆಲಸವನ್ನು ಮಗನಿಗೆ ಬಿಟ್ಟಿದ್ದರು. ಒಂದು ದಿನ ಊಟ ಮಾಡುತ್ತ, "ಆಕಿ ಅಡಗಿಮನಿ ಬಿಟ್ಟು ಬರೂದಿಲ್ಲ ಅಂದ್ರ ಅಡಗಿಮನಿಗೇ ಗಾಲಿ ಹಚ್ಚಿದ್ರಾತು," ಎಂದರು. ನಾವು ನಕ್ಕೆವು. ಭಾವ ನಗಲಿಲ್ಲ. ಮರುವಾರವೇ ಕಿತ್ತೂರಿಗೆ ಹೋಗಿ, ಅಲ್ಲಿ ಮುಚ್ಚಿಹೋಗಿದ್ದ ಒಂದು ಬ್ಯಾಂಡ್ ಕಂಪನಿಯ ಹಳೆಯ ವ್ಯಾನು ಹಿಡಿದುಕೊಂಡು ಬಂದರು.

ವ್ಯಾನಿನ ಒಳಗೆ ಎರಡು ಹಲಗೆಯ ಮಂಚ, ಗ್ಯಾಸಿನ ಒಲೆ, ನೀರಿನ ಪೀಪಾಯಿ, ದೇವರ ಗೂಡು, ಒಂದು ಟ್ಯೂಬ್‌ಲೈಟು, ಒಂದು ಸಣ್ಣ ಫ್ಯಾನು, ವಚನದ ಕ್ಯಾಸೆಟ್ಟು ಹಾಕಲು ಒಂದು ಟೇಪು ಬಂದವು. ಹೊರಗೆ ಮಾತ್ರ ಏನೂ ಬದಲಾಗಲಿಲ್ಲ. ಒಂದು ಮಗ್ಗುಲಿಗೆ ಬಾಸಿಂಗ ಕಟ್ಟಿಕೊಂಡ ಗಂಡು ಹೆಣ್ಣು, ಇನ್ನೊಂದು ಮಗ್ಗುಲಿಗೆ ತುತ್ತೂರಿ, ಕೆಳಗೆ 'ಮಂಗಲ ಕಾರ್ಯಗಳಿಗೆ ಸಂಪರ್ಕಿಸಿರಿ'. ಬಣ್ಣ ಇನ್ನೂ ಗಟ್ಟಿ ಇದೆ, ಯಾಕೆ ಕೆಡಿಸಬೇಕು ಎಂದು ಭಾವ ಬಿಟ್ಟರು. ಹೀಗಾಗಿ ಗಾಡಿ ಎಲ್ಲಿ ನಿಂತರೂ ಯಾರೋ ಒಬ್ಬರು ಬಂದು ಮದುವೆಯ ತಾರೀಖು ಹೇಳುತ್ತಿದ್ದರು.

ಗೋಕರ್ಣಕ್ಕೆ ಹೊರಡುವ ಮೊದಲು ಹತ್ತಿರದಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದು ತೊರಗಲ್ಲಿಗೆ ಹೋದೆವು. ಭಾವ, ಅಕ್ಕ, ನಾನು. ಕೋಟೆಯ ಕೆಳಗೆ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿದೆವು. ಅಕ್ಕ ಪೂಜೆ ಮಾಡಿದಳು, ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಮಾಡಿದಳು. ಪರವೂರಿನ ನೆಲದ ಮೇಲೆ ಅವಳು ಉಂಡ ಮೊದಲ ಬಿಸಿ ಊಟ ಅದು. ಭಾವ ಬೆಳಗಿನಿಂದ ಫ್ಯಾನು ಹಚ್ಚಿದ್ದರು. ಹಗಲು ಹೊತ್ತಿನಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು, ನೋಡಲು ಬಂದವರಿಗೆ ಕಾಣಲೆಂದು. ಟೇಪಿನಲ್ಲಿ ವಚನಗಳು ಒಂದು ಬದಿ ಮುಗಿದು ಇನ್ನೊಂದು ಬದಿ ಹೊರಳಿ ಮತ್ತೆ ಮೊದಲ ಬದಿಗೆ ಬಂದವು. ಸಂಜೆ ಹೊತ್ತಿಗೆ ಹಾಡುವವರ ದನಿ ಎಳೆದಾಡತೊಡಗಿತು.

"ಇದೇನ್ರಿ, ಅವರಿಗೆ ನಿದ್ದಿ ಬಂದೈತೇನು?" ಎಂದಳು ಅಕ್ಕ.

ಹೊರಡೋಣವೆಂದು ಭಾವ ಕೀಲಿ ತಿರುವಿದರು. 'ಟಿಕ್' ಎಂದಿತು. ಮತ್ತೆ ತಿರುವಿದರು. ಈ ಸಲ ಅದನ್ನೂ ಅನ್ನಲಿಲ್ಲ. ಇಂಜಿನ್ನಿಗೂ, ಫ್ಯಾನಿಗೂ, ಹಾಡಿಗೂ ಇದ್ದದ್ದು ಒಂದೇ ಬ್ಯಾಟರಿ. ಎಲ್ಲರಿಗೂ ಬಡಿಸಿ ಅದು ಉಪವಾಸ ಮಲಗಿತ್ತು.

ದಬ್ಬುವುದೊಂದೇ ದಾರಿ. ನನಗೆ ಅದರಲ್ಲಿ ಅನುಭವವಿದೆ. ನನ್ನ ಕಾಲದ ಪ್ರಯಾಣಿಕರು ಟಿಕೆಟ್ಟು ತೆಗೆಸುವುದಕ್ಕೂ ಬಸ್ಸು ದಬ್ಬುವುದಕ್ಕೂ ಭೇದವೆಣಿಸುತ್ತಿರಲಿಲ್ಲ. ಕೋಟೆ ನೋಡಿ ಇಳಿಯುತ್ತಿದ್ದ ನಾಲ್ಕಾರು ಮಂದಿಯನ್ನು ಕರೆದೆ. ಬಂದರು, ಗಾಡಿಯ ಮಗ್ಗುಲು ಓದಿದರು.

"ಯಾರ ಮದಿವ್ಯೋ ಯಜಮಾನ್ರ?" ಎಂದ ಒಬ್ಬ.

"ಯಾರದೂ ಅಲ್ಲಪಾ. ದಬ್ಬು," ಎಂದರು ಭಾವ.

"ಹಂಗ ಹೆಂಗ ದಬ್ಬೂದ್ರಿ? ಬ್ಯಾಂಡಿನವರ ಗಾಡಿ. ಒಬ್ಬಾವ ಬಾರಸ್ರಿ, ಉಳದಾವ್ರು ದಬ್ಬತೀವಿ."

"ಒಳಗ ಮದಿಮಗಳು ಕುಂತಾಳಲೇ, ನೋಡಿ ದಬ್ಬರಿ," ಎಂದ ಇನ್ನೊಬ್ಬ, ಅಕ್ಕನನ್ನು ಇಣುಕಿ ನೋಡಿ.

ಅರವತ್ತು ಸಮೀಪಿಸಿದ್ದ ಅಕ್ಕ ಸೆರಗು ಸರಿ ಮಾಡಿಕೊಂಡು ಗಂಭೀರವಾಗಿ ಕೂತಳು. ಗಾಡಿ ಇಳುಕಲಿಗೆ ಬಂದು, ಕೆಮ್ಮಿ, ಶುರುವಾಯಿತು. ಭಾವ ಅದನ್ನು ನೇರ ರಾಮದುರ್ಗಕ್ಕೆ ಬಿಟ್ಟರು.

ರಾಮದುರ್ಗದ ಬ್ಯಾಟರಿ ಅಂಗಡಿಯವನು ಇನ್ನೊಂದು ದೊಡ್ಡ ಬ್ಯಾಟರಿ ಕೂಡಿಸಿ, ನಡುವೆ ಒಂದು ದಪ್ಪ ಸ್ವಿಚ್ಚು ಹಾಕಿಕೊಟ್ಟ. ಇಂಜಿನ್ನಿನದು ಇಂಜಿನ್ನಿಗೆ, ಮನೆಯದು ಮನೆಗೆ. ಗಾಡಿ ಓಡುವಾಗ ಸ್ವಿಚ್ಚು ಹಾಕಿದರೆ ಎರಡೂ ತುಂಬುತ್ತವೆ. ನಿಂತಾಗ ತೆಗೆದರೆ ಒಂದನ್ನೊಂದು ತಿನ್ನುವುದಿಲ್ಲ. ಕರೆಂಟಿನ ಮೇಲೆ ತುಂಬಿಸಲು ಒಂದು ಚಾರ್ಜರ್ ಕೊಟ್ಟ. ಬ್ಯಾಟರಿಯ ರಸ ನೋಡಲು ಒಂದು ಗಾಜಿನ ಕೊಳವೆ ಕೊಟ್ಟ. ಅದರ ತುದಿಗೆ ರಬ್ಬರಿನ ಬುರುಡೆ. ಹಿಚುಕಿ ಬಿಟ್ಟರೆ ರಸ ಮೇಲೇರುತ್ತದೆ, ಒಳಗೆ ತೇಲುವ ಕಡ್ಡಿ, ಅದೇ ತೇಲು, ಹಸಿರು ಗೆರೆಗೆ ನಿಂತರೆ ತುಂಬಿದೆ, ಬಿಳಿಗೆ ನಿಂತರೆ ಅರ್ಧ, ಕೆಂಪಿಗೆ ನಿಂತರೆ ಮುಗಿಯಿತು. "ಕೆಂಪಿಗೆ ಇಳಿಸಬ್ಯಾಡ್ರಿ, ಬೋರಿನ ನೀರ ಹಾಕಬ್ಯಾಡ್ರಿ, ಅದರಾಗ ಉಪ್ಪು ಇರತೈತಿ," ಎಂದು ಹೇಳಿ ಬೇರೆ ಗಿರಾಕಿಯತ್ತ ತಿರುಗಿದ. ನಾನು ಆ ದಿನವೇ ಬಿಳಿ ಡಬ್ಬಿ ಕೊಂಡು, ಬಾಟಲಿಗಳ ಶುದ್ಧ ನೀರನ್ನು ಅದರಲ್ಲಿ ತುಂಬಿಸಿ, ಮೇಲೆ ಹೆಸರು ಬರೆದೆ. ಉಪ್ಪಿನ ಒಂದು ಕಣವೂ ಒಳಗೆ ಹೋಗಬಾರದೆಂದು ಕೊಂಡ ಡಬ್ಬಿ ಅದು. ಈಗಿನ ಸ್ಥಿತಿ ನಿಮಗೆ ಗೊತ್ತೇ ಇದೆ.

ಇಲ್ಲಿ ಸೋಮವಾರದ ವಿಷಯ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಬಿತ್ತನೆಯ ಹದವೇ ತಪ್ಪಿಹೋಗುತ್ತಿದ್ದರೂ ಸರಿ, ಎತ್ತಿಗೆ ರಜೆ ಎಂದರೆ ರಜೆ. ಭಾವನಿಗೆ ಈ ನಿಯಮದ ಮೇಲೆ ಅಪಾರ ವಿಶ್ವಾಸ. ಅವರ ಮನೆಯ ಎತ್ತುಗಳು ಊರಿನಲ್ಲೇ ಹೆಸರಾದವು. ಹೊಸ ಬ್ಯಾಟರಿ ಬಂದ ದಿನ ಅದಕ್ಕೆ ವಿಭೂತಿ ಹಚ್ಚಿ, ಅವರು ಘೋಷಿಸಿದರು:

"ಇದೂ ನಮ್ಮ ಮನಿ ದುಡಿಯೂ ಜೀವ. ಸೋಮವಾರ ಇದಕ್ಕೂ ರಜಾ. ಅವತ್ತ ಯಾರೂ ಮುಟ್ಟೂಹಂಗಿಲ್ಲ. ಕರೆಂಟಿನ ವಾಯರೂ ಹಚ್ಚೂಹಂಗಿಲ್ಲ. ಏನಂತೀರಿ ಕಂಟ್ರೋಲರ್ ಸಾಹೇಬ್ರ?"

ನನಗೆ ಬಹಳ ಹಿಡಿಸಿತು. ವಾರಕ್ಕೊಂದು ನಿಶ್ಚಿತ ದಿನ, ನಿಶ್ಚಿತ ನಿಯಮ. ಅದರಿಂದ ಏನಾಗುತ್ತದೆ ಎಂದು ಕೇಳುವ ಅಭ್ಯಾಸ ಬೋರ್ಡಿಂಗಿನಲ್ಲಿ ನಮಗೆ ಮಾಡಿಸಿರಲಿಲ್ಲ.

ವಾರವಿಡೀ ವ್ಯಾನು ಮನೆಯ ಮುಂದೆ ನಿಲ್ಲುತ್ತಿತ್ತು. ಮೊಮ್ಮಕ್ಕಳು ಅದರಲ್ಲಿ ಕೂತು ಫ್ಯಾನಿನ ಗಾಳಿಗೆ ಅಭ್ಯಾಸ ಮಾಡುತ್ತಿದ್ದರು. ಬಂದವರಿಗೆಲ್ಲ ಭಾವ ಟೇಪು ಹಚ್ಚಿ ಕೇಳಿಸುತ್ತಿದ್ದರು. ರವಿವಾರ ಸಂಜೆಗೆ ತೇಲು ಕೆಂಪಿಗೆ ಬರುತ್ತಿತ್ತು. ಆಗ ಎಲ್ಲ ಬಂದ್ ಮಾಡಿ, ಸೋಮವಾರ ಪೂರ್ತಿ ರಜೆ. ಮಂಗಳವಾರ ಬೆಳಗ್ಗೆ ಟ್ಯೂಬ್‌ಲೈಟು ಹಾಕಿದರೆ ಹಿಂದಿನ ಸಂಜೆಗಿಂತ ಬೆಳ್ಳಗೆ ಉರಿಯುತ್ತಿತ್ತು!

"ನೋಡ್ರಿ," ಎನ್ನುತ್ತಿದ್ದರು ಭಾವ. "ದಣದಿತ್ತು. ಆರಾಮ ಆತು."

ಅಪ್ಪನ ಟಾರ್ಚಿನ ಸೆಲ್ಲುಗಳ ಮಕ್ಕಳಾದ ನಮಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಬೆಳಕು ಸ್ವಲ್ಪ ಹೊತ್ತಿಗೇ ಮಂಕಾಗಿ ಚಾರ್ಜರ್ ಬೇಡುತ್ತಿತ್ತೆಂಬುದನ್ನು ಗಮನಿಸಿದೆವು. ರಜೆ ಸಾಲದಾಗಿದೆ ಎಂದು ತೀರ್ಮಾನಿಸಿದೆವು. ಮಂಗಳವಾರವೂ ಬಿಟ್ಟು ನೋಡಿದೆವು. ಬೇಸಿಗೆ ಬರುವುದರೊಳಗೆ ಬ್ಯಾಟರಿ ಎಷ್ಟು ರಜೆ ಕೊಟ್ಟರೂ ಕೆಲಸಕ್ಕೆ ಬಾರದಂತಾಯಿತು. ಅಂಗಡಿಯವನು ಮುಚ್ಚಳ ತೆಗೆದು ನೋಡಿ, ಒಳಗಿನ ತಗಡುಗಳಿಗೆ ಬಿಳಿ ಹಿಡಿದಿದೆ, ಇನ್ನು ತುಂಬುವುದಿಲ್ಲ ಎಂದ.

ಭಾವ ಅಂದೇ ಗಾಡಿ ಮಾರುವುದಾಗಿ ಹೇಳಿದರು. ಸವದತ್ತಿಯಿಂದ ಒಬ್ಬ ಕೋಳಿ ವ್ಯಾಪಾರಿ ನೋಡಲು ಬಂದ. ನಾನೂ ಅಂದು ಸುರೇಬಾನದಲ್ಲಿದ್ದೆ. ಅವನು ಗಾಡಿಯ ಒಳಗೆ ಹೋಗಿ ಮಂಚದ ಹಲಗೆ ತಟ್ಟಿದ, ಒಲೆಯ ಕಟ್ಟೆ ನೋಡಿದ, ದೇವರ ಗೂಡಿನ ಎತ್ತರಕ್ಕೆ ಕೈಯಿಂದ ಗೇಣು ಹಾಕಿದ.

"ಇಲ್ಲಿತನಕ ಪಂಜರ ಬರತಾವ," ಎಂದ. "ಈ ಗೂಡ ಇರಲಿ. ತತ್ತಿ ಇಡಾಕ ಬರತೈತಿ."

ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. ವ್ಯಾಪಾರಿಗೆ ನೀರು ಕೊಟ್ಟಳು. ಅವನು ನಾಳೆ ಮಾತು ಮುಗಿಸುತ್ತೇನೆಂದು ಹೋದ. ಭಾವ ಕಟ್ಟೆಯ ಮೇಲೆ ಕೂತು, "ಎಷ್ಟ ಜ್ವಾಕಿ ಮಾಡಿದ್ವಿ. ವಾರ ತಪ್ಪದಂಗ ರಜಾ ಕೊಟ್ವಿ. ಅದರ ಹಣೀಬಾರ," ಎಂದರು.

ಅಕ್ಕ ಕೊಟ್ಟಿಗೆಯ ಕಡೆ ಹೊರಟವಳು ನಿಂತಳು. ಕೈಯಲ್ಲಿ ಹಿಂಡಿಯ ಬುಟ್ಟಿ ಇತ್ತು. ಅಂದು ಸೋಮವಾರ.

"ರಜಾ ಕೊಟ್ರಿ ಖರೆ. ಮೇವು?"

"ಯಾವುದರ ಮೇವು?"

"ಎತ್ತಿಗೆ ಸೋಮವಾರ ರಜಾ ಐತಿ. ಮೇವಿಗೆ ರಜಾ ಐತೇನ್ರಿ? ನಾ ದಿನಾ ಹಾಕೂದಕ್ಕಿಂತ ಇವತ್ತ ಹೆಚ್ಚಿಗಿ ಹಾಕತೇನಿ. ಹಿಂಡಿ, ಹತ್ತಿಕಾಳು, ಹಸಿ ಹುಲ್ಲು. ಮೈ ತೊಳದು ಹೊಟ್ಟಿ ತುಂಬ ತಿನಸತೇನಿ. ನೀವು ರವಿವಾರ ಸಂಜಿಮುಂದ ಹಸದ ಜೀವನ ಮೇವಿನ ಗ್ವಾದಲಿ ಬರಿದು ಮಾಡಿ ಕಟ್ಟಿಹಾಕಿ, ಮಂಗಳವಾರ ಬಂದು ಏಳು ಅಂದ್ರ ಹೆಂಗ ಏಳತೈತಿ?"

ಭಾವ ನನ್ನ ಕಡೆ ನೋಡಿದರು. ನಾನು ಗಾಡಿಯ ಮೇಲಿನ ತುತ್ತೂರಿಯ ಕಡೆ ನೋಡಿದೆ. ಕಂದೀಲಿನ ಬತ್ತಿಯ ಮಾತು ಅಷ್ಟು ವರ್ಷಗಳ ನಂತರ ಆಗ ನೆನಪಿಗೆ ಬಂತು. ಬಂದು ಪ್ರಯೋಜನವಿರಲಿಲ್ಲ. ಬತ್ತಿ ಸುಟ್ಟಾಗಿತ್ತು.

"ಇನ್ನೊಂದ ಬ್ಯಾಟರಿ ಹಾಕಸ್ರಿ," ಎಂದಳು ಅಕ್ಕ. "ಅದನ್ನ ನಾ ನೋಡಕೊಳ್ಳತೇನಿ. ಯುಗಾದಿ ತನಕ. ಅಷ್ಟರಾಗ ಒಂದ ದಿನ ಅದು ಕೈ ಕೊಟ್ಟರ, ನಾನ ಕೋಳಿ ಹಿಡದು ಗಾಡಿ ತುಂಬತೇನಿ."

ಕೋಳಿಯ ಗರಿ ಕಂಡರೆ ಸ್ನಾನ ಮಾಡುವ ಹೆಂಗಸು ಈ ಮಾತು ಹೇಳಿದಳೆಂದರೆ ಅದರ ತೂಕ ಭಾವನಿಗೆ ತಿಳಿಯಿತು. ವ್ಯಾಪಾರಿಗೆ ಬರಬೇಡವೆಂದು ಹೇಳಿ ಕಳಿಸಿದರು. ಯುಗಾದಿ ತನಕ ಬ್ಯಾಟರಿ ಕೈ ಕೊಡದಿದ್ದರೆ ಗೋಕರ್ಣಕ್ಕೆ ಹೊರಡುವುದಾಗಿ ಅಕ್ಕನಿಗೆ ಮಾತು ಕೊಟ್ಟರು.

ಅಕ್ಕನ ಆಡಳಿತ ಶುರುವಾಯಿತು. ನಾನು ಶಿಸ್ತಿನ ಮನುಷ್ಯನೆಂದು ಅಲ್ಲಿಯವರೆಗೆ ನಂಬಿದ್ದೆ. ಮೊಮ್ಮಕ್ಕಳು ಗಾಡಿಯಿಂದ ಕೆಳಗಿಳಿದರು. ಟೇಪು ಪೂಜೆಯ ಹೊತ್ತಿಗೆ ಮಾತ್ರ. ಹಗಲು ಟ್ಯೂಬ್‌ಲೈಟು ಹಾಕಿದವರಿಗೆ, ಅವರು ಭಾವನೇ ಆಗಿದ್ದರೂ, "ಸೂರ್ಯಾ ಕಾಣವಲ್ಲನೇನ್ರಿ?" ಎಂಬ ಪ್ರಶ್ನೆ. ದಿನಾ ಸಂಜೆ ಗಾಜಿನ ಕೊಳವೆಯಲ್ಲಿ ನೋಡುವಳು. ಹಸಿರಿನಿಂದ ಬಿಳಿಗೆ ಬಂತೆಂದರೆ ಫ್ಯಾನು ಬಂದ್. ಕೆಂಪನ್ನು ಆ ಬ್ಯಾಟರಿ ಕಾಣಲೇ ಇಲ್ಲ. "ಎಮ್ಮಿ ಹಿಂಡುವಾಗ ಕರುವಿಗೆ ಅರ್ಧ ಬಿಡೂದಿಲ್ಲೇನು? ಹಂಗ," ಎನ್ನುವಳು. ಬಳಸಿದ ದಿನವೇ ತುಂಬಿಸಬೇಕು, ನಾಳೆಗೆ ಇಡುವಂತಿಲ್ಲ. ಬ್ಯಾಟರಿಗೆ ತಂತಿ ಸಿಕ್ಕಿಸುವ ಟರ್ಮಿನಲ್ಲುಗಳಿಗೆ ಹಸಿರು ಪುಡಿ ಕಟ್ಟಿದರೆ ಬಿಸಿನೀರು ಸುರಿದು ಉಜ್ಜಿ, ಒರೆಸಿ, ವ್ಯಾಸಲೀನು ಹಚ್ಚುವಳು. ಸೋಮವಾರ ಬೆಳಗ್ಗೆ ಎತ್ತಿನ ಮೈ ತೊಳೆದ ಮೇಲೆ ಬ್ಯಾಟರಿಯ ಮೈ ಒರೆಸಿ ಚಾರ್ಜರ್ ಹಚ್ಚುವಳು. ಸುರೇಬಾನದ ಕರೆಂಟು ಬಂದಾಗ ಬರುತ್ತಿತ್ತು, ಹೋದಾಗ ಹೋಗುತ್ತಿತ್ತು. ಅಡುಗೆಮನೆಯಲ್ಲಿ ಒಂದು ಬಲ್ಬು ಸದಾ ಹಾಕಿಟ್ಟು, ಅದು ಹತ್ತಿದ ಕೂಡಲೇ ರೊಟ್ಟಿ ಬಿಟ್ಟು ಎದ್ದು ಹೋಗಿ ವಾಯರು ಹಚ್ಚಿ ಬರುವಳು. ಎಷ್ಟೋ ಸೋಮವಾರ ಭಾವ ಸೀದ ರೊಟ್ಟಿ ತಿಂದರು. ದೂರಲಿಲ್ಲ.

ನನ್ನ ಪಾಲಿಗೆ ಬಂದದ್ದು ಡಬ್ಬಿ. ಬೈಲಹೊಂಗಲದಿಂದ ಹೋಗುವಾಗಲೆಲ್ಲ ಬ್ಯಾಟರಿ ನೀರು ಒಯ್ಯುವುದು. ಬಸ್ಸಿನಲ್ಲಿ ಪಕ್ಕದವರು ಡಬ್ಬಿಯ ಮೇಲಿನದನ್ನು ಓದಿ ಆಚೆ ಸರಿದು ಕೂಡುತ್ತಿದ್ದರು. ಸೀಟು ಅಗಲವಾಗಿ ಸಿಗುತ್ತಿತ್ತು.

ಯುಗಾದಿ ಬಂತು. ಬ್ಯಾಟರಿ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಭಾವ ಕೊಟ್ಟ ಮಾತಿನಂತೆ ಒಂದು ಶನಿವಾರ ಹೊರಟೆವು. ಧಾರವಾಡ ದಾಟಿ, ಯಲ್ಲಾಪುರದ ಕಾಡಿನಲ್ಲಿ ವಸತಿ ಮಾಡಿ, ಘಟ್ಟ ಇಳಿದೆವು. ದಾರಿಯಲ್ಲಿ ಇಬ್ಬರು ನಮಗೆ ಮದುವೆಯ ತಾರೀಖು ಹೇಳಿದರು. ರವಿವಾರ ಸಂಜೆ ಗೋಕರ್ಣದ ಹತ್ತಿರ ಒಂದು ತೆಂಗಿನ ತೋಟದ ಮಗ್ಗುಲಿಗೆ ಗಾಡಿ ನಿಲ್ಲಿಸಿದೆವು. ಭಾವ ಪ್ರಯಾಣದ ಕಾರ್ಯಕ್ರಮ ಹೇಳಿದರು: ಬೆಳಗ್ಗೆ ಸ್ನಾನ, ದೇವರ ದರ್ಶನ, ಉಪ್ಪಿನ ಹೊಲ ಒಂದು ನೋಟ, ಬಿಸಿಲೇರುವುದರೊಳಗೆ ಗಾಡಿ ಬಿಡುವುದು. ನನಗೆ ಒಪ್ಪಿಗೆಯಾಯಿತು. ವೇಳಾಪಟ್ಟಿ ಇದ್ದರೆ ನನಗೆ ಯಾವುದಕ್ಕೂ ಒಪ್ಪಿಗೆಯೇ.

ಬೆಳಗ್ಗೆ ದರ್ಶನ ಮುಗಿಸಿ ಉಪ್ಪಿನ ಹೊಲಕ್ಕೆ ಹೋದೆವು. ಉಪ್ಪಿನವ ಸುಳ್ಳು ಹೇಳಿರಲಿಲ್ಲ. ಮಡಿ ಮಾಡಿದ್ದರು. ಒಡ್ಡು ಹಾಕಿದ್ದರು. ಮಡಿಯಿಂದ ಮಡಿಗೆ ನೀರು ಬಿಡಲು ಕಾಲುವೆ ತೆಗೆದಿದ್ದರು. ಬರಿಗಾಲಿನ ಒಬ್ಬ ಮುದುಕ ಉದ್ದ ಕೋಲಿನ ಹಲಗೆಯಿಂದ ನೀರೊಳಗಿನ ಉಪ್ಪನ್ನು ಅಂಚಿಗೆ ಎಳೆಯುತ್ತಿದ್ದ. ದಂಡೆಯ ಮೇಲೆ ರಾಶಿಗಳಿದ್ದವು, ಜೋಳದ ರಾಶಿಯಷ್ಟೇ ಚೂಪಾಗಿ. ಅಕ್ಕ ಒಡ್ಡಿನ ಮೇಲೆ ನಿಂತಳು. ಆಮೇಲೆ ಅಲ್ಲೇ ಕೂತುಬಿಟ್ಟಳು, ತನ್ನ ಹೊಲದ ಬದುವಿನ ಮೇಲೆ ಕೂಡುವ ಹಾಗೆ.

"ಅಜ್ಜಾರ, ಸೋಮವಾರ ನಿಮಗ ರಜಾ ಇಲ್ಲೇನ್ರಿ?" ಎಂದು ಮುದುಕನನ್ನು ಕೇಳಿದಳು.

"ಬಿಸಿಲಿಗೆ ರಜೆ ಇಲ್ಲ ಅಮ್ಮ," ಎಂದ ಆತ. "ಮಳೆ ಬಂದ ಮೇಲೆ ನಮಗೆ ರಜೆ."

ಭಾವ ಕೀಲಿಗೊಂಚಲು ಅಲ್ಲಾಡಿಸಿದರು. "ನೋಡಿದಿ ಹೌದಿಲ್ಲೋ? ಏಳು ಮತ್ತ. ಬಿಸಲ ಆಗೂದರೊಳಗ ಘಟ್ಟ ಹತ್ತೂಣು."

"ಇವತ್ತ ಗಾಡಿ ಬಿಡೂಹಂಗಿಲ್ರಿ," ಎಂದಳು ಅಕ್ಕ, ತಲೆ ಎತ್ತದೆ.

"ಯಾಕ?"

"ಸೋಮವಾರ."

"ಅದು ಮನ್ಯಾಗಿನ ಮಾತು. ಇದೇನ ಎತ್ತೇನು?"

"ದುಡಿಯೂ ಜೀವ ಅಂದಾವ್ರು ನೀವು. ವಿಭೂತಿ ಹಚ್ಚಿದಾವ್ರು ನೀವು. ನಾ ಅಲ್ಲ."

ಭಾವ ನನ್ನತ್ತ ತಿರುಗಿದರು. "ಏನ್ರೀ ಕಂಟ್ರೋಲರ್ ಸಾಹೇಬ್ರ, ನೀವರ ಹೇಳ್ರಿ."

ನಿಯಮ ನಿಯಮವೇ, ಎಂದೆ ನಾನು. ವೃತ್ತಿಜೀವನದಲ್ಲಿ ಮೊದಲ ಸಲ ನಾನು ಕೊಟ್ಟ ಸೂಚನೆಯಂತೆ ಗಾಡಿ ನಿಂತಿತು.

ಅಕ್ಕ ಆ ಇಡೀ ದಿನ ಒಡ್ಡಿನ ಮೇಲಿದ್ದಳು. ನಡುವೆ ಒಮ್ಮೆ ಬಂದು ಅಡುಗೆ ಮಾಡಿ, ಬಡಿಸಿ, ಉಂಡು, ಮತ್ತೆ ಹೋದಳು. ನೀರು ಯಾವ ಮಡಿಯಿಂದ ಯಾವ ಮಡಿಗೆ ಹೋಗುತ್ತದೆ, ಎಷ್ಟು ಬಿಸಿಲಿಗೆ ಕೆನೆ ಕಟ್ಟುತ್ತದೆ, ಎಲ್ಲವನ್ನೂ ಮುದುಕನಿಂದ ಕೇಳಿಕೊಂಡಳು. ಸಂಜೆಗೆ ಹಲಗೆ ಹಿಡಿದು ಒಂದು ಮಡಿಯ ಉಪ್ಪನ್ನು ತಾನೇ ಎಳೆದಳು. ಭಾವ ತೆಂಗಿನ ನೆರಳಿನಲ್ಲಿ ಕೂತು ದೂರದಿಂದ ನೋಡುತ್ತಿದ್ದರು. ಫ್ಯಾನು ಹಚ್ಚಲಿಲ್ಲ. ಯಾರೂ ಬೇಡವೆಂದಿರಲಿಲ್ಲ.

ನನಗೊಂದು ಚಿಂತೆ ಇತ್ತು. ಸೋಮವಾರ, ಆದರೆ ಅಲ್ಲಿ ಚಾರ್ಜರ್ ಹಚ್ಚಲು ಕರೆಂಟಿಲ್ಲ. ಕೊಳವೆ ತೆಗೆದುಕೊಂಡು ನೋಡಿದೆ. ಘಟ್ಟ ಇಳಿದು ಬಂದ ದಾರಿಯಲ್ಲೇ ತುಂಬಿಕೊಂಡಿತ್ತು, ತೇಲು ಹಸಿರಿನಲ್ಲಿ ಗಟ್ಟಿಯಾಗಿ ನಿಂತಿತ್ತು. ನೀರು ಇಳಿದಿದ್ದರೆ ಹಾಕೋಣವೆಂದು ಡಬ್ಬಿ ಹುಡುಕಿದೆ. ಡಬ್ಬಿ ಇರಲಿಲ್ಲ. ಅಷ್ಟರಲ್ಲಿ ಅಕ್ಕ ಒಡ್ಡಿನ ಕಡೆಯಿಂದ ಬಂದಳು. ಡಬ್ಬಿ ಅವಳ ಸೊಂಟದ ಮೇಲಿತ್ತು, ತುಂಬ ಉಪ್ಪು.

"ಅಕ್ಕಾ, ಬ್ಯಾಟರಿ ನೀರು?"

"ಬೆಳಿಗ್ಗೇನ ಕುಡಿಸೀನಿ. ಸೋಮವಾರ ಅಲ್ಲೇನು?"

ಮುಚ್ಚಳಗಳನ್ನು ಬಿಚ್ಚಿ ನೋಡಿದೆ. ಬ್ಯಾಟರಿಯ ಆರೂ ಮನೆಗಳಲ್ಲಿ ನೀರು ಗೆರೆಗೆ ಸರಿಯಾಗಿ ನಿಂತಿತ್ತು, ಹೆಚ್ಚಿಲ್ಲ, ಕಡಿಮೆ ಇಲ್ಲ. ಉಳಿದದ್ದನ್ನು ತೆಂಗಿಗೆ ಹಾಕಿದ್ದಳು. ಮಂಗಳವಾರ ಬೆಳಗ್ಗೆ ಭಾವ ಕೀಲಿ ತಿರುವಿದರು. ಮೊದಲ ಸಲಕ್ಕೇ ಶುರುವಾಯಿತು.

ಆ ಗಾಡಿ ಆಮೇಲೆ ಬಹಳ ವರ್ಷ ಓಡಿತು. ಅಕ್ಕ ಅದರಲ್ಲಿ ಕೂತು ಎಲ್ಲೆಲ್ಲೋ ಹೋಗಿ ಬಂದಳು. ಆದರೆ ಮತ್ತೆ ಗೋಕರ್ಣಕ್ಕೆ ಹೋಗಲಿಲ್ಲ. ನೋಡಿಯಾಗಿತ್ತು. ಊರಿಗೆ ಮರಳಿದ ದಿನ ಡಬ್ಬಿಯ ಉಪ್ಪಿನಲ್ಲಿ ತನಗೆ ಬೇಕಾದಷ್ಟು ತೆಗೆದುಕೊಂಡು, ಉಳಿದದ್ದನ್ನು ಡಬ್ಬಿಯ ಸಮೇತ ನನ್ನ ಕೈಗಿಟ್ಟು ಹೇಳಿದಳು:

"ಅರ್ಧಕ್ಕ ಬಂದ ಕೂಡಲೇ ತುಂಬಸು. ಪೂರಾ ಬರಿದ ಮಾಡಬ್ಯಾಡ."

ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಸೋಮವಾರ ಫೋನು ಮಾಡುತ್ತಾಳೆ. ಮೊದಲು ನನ್ನ ಆರೋಗ್ಯ ಕೇಳುತ್ತಾಳೆ, ಆಮೇಲೆ ಡಬ್ಬಿಯದು. ಅಂಗಡಿಯ ಉಪ್ಪು ಎಷ್ಟೋ ಸಲ ಬಿದ್ದು, ಬೆರೆತು, ಸಾರಿಗೆ ಹೋಗಿ, ಅದರಲ್ಲಿ ಅವಳು ಎಳೆದ ಉಪ್ಪು ಇನ್ನೆಷ್ಟು ಹರಳು ಉಳಿದಿದೆ ಎಂಬುದನ್ನು ಯಾವ ಗಾಜಿನ ಕೊಳವೆಯೂ ತೋರಿಸಲಾರದು. ಆದರೆ ಅರ್ಧಕ್ಕಿಂತ ಕೆಳಗೆ ಅದು ಒಮ್ಮೆಯೂ ಇಳಿದಿಲ್ಲ. ಹಾಗಾಗಿ ಇನ್ನೂ ಮುಗಿದಿಲ್ಲ.